ಹಗ್ಗವೋ, ಹಾವೋ? ಸ್ಕ್ಯಾನ್ ರಿಪೋರ್ಟ್ ಓದುವವರಿಗೊಂದು ಪುಟ್ಟ ಪಾಠ



ಕಳೆದ ವರ್ಷದ ಒಂದು ಶುಕ್ರವಾರ. ಸಂಜೆ ಆರೂವರೆ ಇರಬಹುದು. ಕುಕ್ಕರ್ ಮೂರನೇ ಸೀಟಿ ಹಾಕುವ ಹೊತ್ತಿಗೆ ಅಕ್ಕನ ಫೋನ್ ಬಂತು. ಅವಳು ಇದೇ ಅಮೆರಿಕದಲ್ಲಿ, ಆದರೆ ನಮ್ಮಿಂದ ಮೂರು ಗಂಟೆ ವಿಮಾನದ ದೂರದಲ್ಲಿದ್ದಾಳೆ. ಭಾವ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದರು.

"ಲೋ, ನಿನಗೊಂದು ಫೋಟೋ ಕಳಿಸಿದೀನಿ, ನೋಡು. ಇದರ ಅರ್ಥ ಏನೋ?"

ಅದು ಅವಳ ಮ್ಯಾಮೋಗ್ರಾಂ ರಿಪೋರ್ಟು. ಜೀವನದಲ್ಲಿ ಮೊದಲ ಸಲ ಮಾಡಿಸಿದ್ದು. ಎಡಗಡೆ ಏನೋ 'ಅಸಿಮ್ಮೆಟ್ರಿ' ಇದೆಯಂತೆ, ಇನ್ನಷ್ಟು ಚಿತ್ರ ಬೇಕಂತೆ, ಕೊನೆಯಲ್ಲಿ 'ಬೈ-ರಾಡ್ಸ್ 0' ಅಂತ ಬರೆದಿತ್ತು. ಕ್ಲಿನಿಕ್ ಐದಕ್ಕೇ ಮುಚ್ಚಿತ್ತು. ಇನ್ನು ಫೋನ್ ಎತ್ತುವುದು ಸೋಮವಾರ ಬೆಳಿಗ್ಗೆ.

"ಅಮ್ಮನಿಗೆ ಹೇಳಬೇಡ ಕಣೋ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರ್ ಅಲ್ಲ. ಹೊಟ್ಟೆಪಾಡಿಗೆ ಕೋಡ್ ಬರೆಯುವವನು. ಆದರೆ ಆ ಮೂರು ರಾತ್ರಿಗಳಲ್ಲಿ ನಾನು ಓದಿ, ಲೆಕ್ಕ ಹಾಕಿ, ಆಮೇಲೆ ಡಾಕ್ಟರ ಹತ್ತಿರ ಕೇಳಿ ಸರಿಪಡಿಸಿಕೊಂಡ ಕೆಲವು ವಿಷಯಗಳು ನಮ್ಮ ಕೂಟದ ಬೇರೆಯವರಿಗೂ ಉಪಯೋಗಕ್ಕೆ ಬರಬಹುದು ಅನ್ನಿಸಿತು. ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಡಾಕ್ಟರಿಗಿಂತ ಮೊದಲು ನಮ್ಮ ಫೋನಿಗೆ ಏಕೆ ಬರುತ್ತದೆ?

ಹಿಂದೆ ಡಾಕ್ಟರ್ ಮೊದಲು ರಿಪೋರ್ಟ್ ನೋಡಿ, ನಂತರ ನಮಗೆ ಹೇಳುತ್ತಿದ್ದರು. ಅಮೆರಿಕದಲ್ಲಿ 2016ರಲ್ಲಿ 'ಟ್ವೆಂಟಿ-ಫಸ್ಟ್ ಸೆಂಚುರಿ ಕ್ಯೂರ್ಸ್ ಆಕ್ಟ್' ಎಂಬ ಕಾನೂನು ಆಯಿತು. ಅದರ ನಿಯಮಗಳು 2021ರ ಏಪ್ರಿಲ್‌ನಿಂದ ಜಾರಿಗೆ ಬಂದವು. ರೋಗಿಯ ಮಾಹಿತಿಯನ್ನು ರೋಗಿಯಿಂದಲೇ ತಡೆಹಿಡಿಯಬಾರದು ಎನ್ನುವುದು ಅದರ ತಿರುಳು. ಹಾಗಾಗಿ ರೇಡಿಯಾಲಜಿಸ್ಟ್ ಸಹಿ ಹಾಕಿದ ಕೂಡಲೇ, ನಮ್ಮ ಡಾಕ್ಟರ್ ಅದನ್ನು ನೋಡುವ ಮೊದಲೇ, ರಿಪೋರ್ಟ್ ನಮ್ಮ ಕೈಗೆ ಬರುವುದುಂಟು. ನಮ್ಮ ಹಕ್ಕು, ಒಳ್ಳೆಯದೇ. ಆದರೆ ಆ ರಿಪೋರ್ಟು ಒಬ್ಬ ಡಾಕ್ಟರ್ ಇನ್ನೊಬ್ಬ ಡಾಕ್ಟರಿಗೆ ಬರೆದ ಕಾಗದ. ಬೇರೆಯವರಿಗೆ ಬಂದ ಕಾಗದ ಒಡೆದು ಓದಿದರೆ ಆಗುವ ಗಾಬರಿಯೇ ಇಲ್ಲೂ ಆಗುತ್ತದೆ.

ಜರಡಿ ಬೇರೆ, ಆರಿಸುವುದು ಬೇರೆ

ನಮ್ಮ ಅಜ್ಜಿ ಅಕ್ಕಿಯನ್ನು ಮೊದಲು ಜರಡಿ ಹಿಡಿಯುತ್ತಿದ್ದರು. ಆಮೇಲೆ ಮೊರಕ್ಕೆ ಹಾಕಿಕೊಂಡು, ಕಿಟಕಿಯ ಬೆಳಕಿನಲ್ಲಿ ಕುಳಿತು ಒಂದೊಂದೇ ಕಲ್ಲು ಆರಿಸುತ್ತಿದ್ದರು. ಎರಡೂ ಬೇರೆ ಬೇರೆ ಕೆಲಸ.

ಸ್ಕ್ರೀನಿಂಗ್ ಅಂದರೆ ಜರಡಿ. ಯಾವ ತೊಂದರೆಯೂ ಇಲ್ಲದ ಸಾವಿರಾರು ಜನರನ್ನು ಬೇಗ ಬೇಗ ನೋಡಿ, "ಇವರನ್ನು ಇನ್ನೊಮ್ಮೆ ನೋಡೋಣ" ಎಂದು ಕೆಲವರನ್ನು ಬೇರೆ ಮಾಡುವುದಷ್ಟೇ ಅದರ ಕೆಲಸ. ಕಾಯಿಲೆ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಎರಡನೆಯ ಹಂತ, ಅಂದರೆ ಆರಿಸುವುದು. ಹೆಚ್ಚಿನ ಚಿತ್ರ, ಅಲ್ಟ್ರಾಸೌಂಡ್, ಬೇಕಾದರೆ ಬಯಾಪ್ಸಿ, ಇವೆಲ್ಲ ಆ ಹಂತಕ್ಕೆ ಸೇರಿದವು. ಜರಡಿಯಲ್ಲಿ ಸಿಕ್ಕಿಬಿದ್ದದ್ದೆಲ್ಲ ಕಲ್ಲಲ್ಲ. ದಪ್ಪ ಅಕ್ಕಿಯೂ ಸಿಕ್ಕಿಬೀಳುತ್ತದೆ.

ವೇದಾಂತದಲ್ಲಿ ಬರುವ ಹಗ್ಗ-ಹಾವಿನ ಉದಾಹರಣೆ ನಮಗೆಲ್ಲ ಗೊತ್ತು. ಮಬ್ಬುಗತ್ತಲಲ್ಲಿ ಬಿದ್ದ ಹಗ್ಗ ಹಾವಾಗಿ ಕಾಣುತ್ತದೆ. ಸ್ಕ್ರೀನಿಂಗ್ ಭಾಷೆಯಲ್ಲಿ ಇದು 'ಫಾಲ್ಸ್ ಪಾಸಿಟಿವ್'. ನಿಜವಾದ ಹಾವನ್ನೇ ಹಗ್ಗ ಅಂದುಕೊಂಡು ದಾಟಿ ಹೋಗುವುದು 'ಫಾಲ್ಸ್ ನೆಗೆಟಿವ್'. ಎರಡನೆಯದು ಪ್ರಾಣಕ್ಕೆ ಅಪಾಯ. ಆದ್ದರಿಂದಲೇ ಜರಡಿ ಮಾಡಿದವರು ಅನುಮಾನ ಬಂದರೆ ಹಾವು ಎಂದೇ ಕೂಗುವಂತೆ ಅದನ್ನು ಸ್ವಲ್ಪ ಬಿಗಿಯಾಗಿ ಇಟ್ಟಿದ್ದಾರೆ. ಅನುಮಾನ ಪರಿಹಾರಕ್ಕೆ ಇರುವ ದಾರಿಯೂ ಹಳೆಯದೇ: ದೀಪ ತನ್ನಿ.

ಸಾವಿರ ಹೆಂಗಸರ ಲೆಕ್ಕ

"ಟೆಸ್ಟು ನೂರಕ್ಕೆ ಎಂಬತ್ತೈದು ಸರಿ ಅಂತಾರೆ. ಹಾಗಾದರೆ ನನಗೆ ಕ್ಯಾನ್ಸರ್ ಇರೋದು ನೂರಕ್ಕೆ ಎಂಬತ್ತೈದಾ?" ಅಂತ ಅಕ್ಕ ಕೇಳಿದಳು. ಈ ಪ್ರಶ್ನೆಯಲ್ಲೇ ಎಲ್ಲ ಗಲಿಬಿಲಿಯೂ ಇದೆ. ಕ್ಯಾನ್ಸರ್ ಇರುವ ನೂರು ಜನರಲ್ಲಿ ಎಷ್ಟು ಮಂದಿಯನ್ನು ಟೆಸ್ಟ್ ಹಿಡಿಯುತ್ತದೆ ಎಂಬುದು ಒಂದು ಪ್ರಶ್ನೆ. ಟೆಸ್ಟ್ ಹಿಡಿದ ನೂರು ಜನರಲ್ಲಿ ಎಷ್ಟು ಮಂದಿಗೆ ಕ್ಯಾನ್ಸರ್ ಇದೆ ಎಂಬುದು ಬೇರೆಯೇ ಪ್ರಶ್ನೆ. ನಮಗೆ ಬೇಕಾದದ್ದು ಎರಡನೆಯದರ ಉತ್ತರ.

ಅಮೆರಿಕದ ಸ್ಥೂಲ ಲೆಕ್ಕ ಹೀಗಿದೆ. ಯಾವ ಲಕ್ಷಣವೂ ಇಲ್ಲದ 1000 ಹೆಂಗಸರು ಮ್ಯಾಮೋಗ್ರಾಂ ಮಾಡಿಸಿದರು ಅನ್ನಿ.

- ಸುಮಾರು 900 ಜನರಿಗೆ "ಎಲ್ಲ ಸರಿ ಇದೆ, ಹೋಗಿ ಬನ್ನಿ" ಎಂಬ ಉತ್ತರ.
- ಸುಮಾರು 100 ಜನರಿಗೆ "ಇನ್ನೊಮ್ಮೆ ಬನ್ನಿ" ಎಂಬ ಕರೆ.
- ಆ 100 ಜನರಲ್ಲಿ ಸುಮಾರು 60 ಜನರಿಗೆ ಹೆಚ್ಚಿನ ಚಿತ್ರ ನೋಡಿದ ಮೇಲೆ ಏನೂ ಇಲ್ಲ ಎಂದು ಗೊತ್ತಾಗುತ್ತದೆ.
- ಸುಮಾರು 20 ಜನರಿಗೆ "ಆರು ತಿಂಗಳು ಬಿಟ್ಟು ಬನ್ನಿ" ಎನ್ನುತ್ತಾರೆ.
- ಉಳಿದ ಸುಮಾರು 20 ಜನರಿಗೆ ಬಯಾಪ್ಸಿ. ಅವರಲ್ಲಿ ಕ್ಯಾನ್ಸರ್ ಸಿಗುವುದು ಸುಮಾರು 5 ಜನರಲ್ಲಿ.

ಅಂದರೆ ವಾಪಸ್ ಕರೆಸಿಕೊಂಡ ನೂರು ಜನರಲ್ಲಿ 95 ಜನರಿಗೆ ಅದು ಹಗ್ಗ, 5 ಜನರಿಗೆ ಹಾವು. ಬಯಾಪ್ಸಿ ಆಗಬೇಕು ಎಂಬ ಹಂತಕ್ಕೆ ಹೋದರೆ ಇದು ನಾಲ್ಕರಲ್ಲಿ ಒಂದಾಗುತ್ತದೆ. ಪ್ರತಿ ಹೆಜ್ಜೆಗೂ ಸಂಖ್ಯೆ ಬದಲಾಗುತ್ತದೆ, ಹಾಗಾಗಿ ಎರಡು ಹೆಜ್ಜೆ ಮುಂದಿನ ಭಯವನ್ನು ಇವತ್ತೇ ಪಡಬೇಕಾಗಿಲ್ಲ. ಇದರ ಹಿಂದಿರುವುದು ಎಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರಿನ ಗಣಿತದಲ್ಲಿ ನಾವು ಉರು ಹೊಡೆದ ಬೇಯ್ಸ್ ಪ್ರಮೇಯ. ಥಾಮಸ್ ಬೇಯ್ಸ್ ಎಂಬ ಇಂಗ್ಲೆಂಡಿನ ಪಾದ್ರಿ ಬರೆದಿಟ್ಟ ಪ್ರಬಂಧ ಅವನು ಸತ್ತ ಎರಡು ವರ್ಷದ ಮೇಲೆ, 1763ರಲ್ಲಿ ಪ್ರಕಟವಾಯಿತು. ಪರೀಕ್ಷೆಯಲ್ಲಿ ಹತ್ತು ಮಾರ್ಕಿಗೆ ಬರುತ್ತಿದ್ದ ಆ ಸೂತ್ರ ಒಂದು ದಿನ ಅಕ್ಕನ ಕಣ್ಣೀರು ಒರೆಸಲು ಬೇಕಾಗುತ್ತದೆ ಎಂದು ಯಾರು ಅಂದುಕೊಂಡಿದ್ದರು!

ಮೊದಲ ಸಲ ಮಾಡಿಸಿದವರಿಗೆ ವಾಪಸ್ ಕರೆ ಬರುವುದು ಇನ್ನೂ ಹೆಚ್ಚು. ಹೋಲಿಸಿ ನೋಡಲು ಹಳೆಯ ಚಿತ್ರ ಇರುವುದಿಲ್ಲವಲ್ಲ.

ಇಲ್ಲೊಂದು ಎಚ್ಚರಿಕೆ. ಈ ಲೆಕ್ಕ ಲಕ್ಷಣ ಇಲ್ಲದವರಿಗೆ ಮಾತ್ರ. ಕೈಗೆ ಗಂಟು ಸಿಕ್ಕಿದೆ, ಮೊಲೆತೊಟ್ಟಿನಿಂದ ರಕ್ತ ಬರುತ್ತಿದೆ ಅನ್ನುವವರು, ಅಥವಾ ತಾಯಿಗೋ ಸ್ವಂತ ಅಕ್ಕತಂಗಿಗೋ ಈ ಕಾಯಿಲೆ ಬಂದಿರುವವರು ಈ ಸಾವಿರದ ಲೆಕ್ಕದಲ್ಲಿ ಬರುವುದಿಲ್ಲ. ಅವರ ಲೆಕ್ಕ ಬೇರೆ. ಅವರು ಸಂಖ್ಯೆ ನೋಡಿ ಸಮಾಧಾನ ಮಾಡಿಕೊಂಡು ಕೂರದೆ ಡಾಕ್ಟರ ಹತ್ತಿರ ಹೋಗಬೇಕು.

ಬೈ-ರಾಡ್ಸ್ ಎಂಬ ಎರರ್ ಕೋಡ್

ನಮ್ಮ ಪ್ರೋಗ್ರಾಮುಗಳಲ್ಲಿ ಎರರ್ ಕೋಡ್ ಇರುವಂತೆ ಅಮೆರಿಕನ್ ಕಾಲೇಜ್ ಆಫ್ ರೇಡಿಯಾಲಜಿ ಸಂಸ್ಥೆ ಸ್ತನದ ಚಿತ್ರಗಳಿಗೆ 0ಯಿಂದ 6ರವರೆಗೆ ಸಂಖ್ಯೆ ಕೊಟ್ಟಿದೆ.

- 0: ಚಿತ್ರ ಸಾಲದು, ಇನ್ನಷ್ಟು ಬೇಕು. ಇದು ತೀರ್ಪಲ್ಲ, ಬರೀ ವಾಯಿದೆ.
- 1: ಏನೂ ಇಲ್ಲ.
- 2: ಏನೋ ಇದೆ, ಆದರೆ ನಿರಪಾಯಕಾರಿ.
- 3: ಬಹುತೇಕ ನಿರಪಾಯಕಾರಿ. ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ಕ್ಕಿಂತ ಹೆಚ್ಚಿಲ್ಲ. ಆರು ತಿಂಗಳಿಗೆ ಮತ್ತೆ ನೋಡುತ್ತಾರೆ.
- 4: ಅನುಮಾನ ಇದೆ, ಬಯಾಪ್ಸಿ ಬೇಕು. ಇದರಲ್ಲಿ ಎ, ಬಿ, ಸಿ ಎಂದು ಮೂರು ಮೆಟ್ಟಿಲು. 4ಎ ಎಂದರೆ ನೂರಕ್ಕೆ 2ರಿಂದ 10, 4ಬಿ ಎಂದರೆ 10ರಿಂದ 50, 4ಸಿ ಎಂದರೆ 50ರಿಂದ 95.
- 5: ನೂರಕ್ಕೆ 95 ಅಥವಾ ಹೆಚ್ಚು.
- 6: ಬಯಾಪ್ಸಿಯಿಂದ ಕ್ಯಾನ್ಸರ್ ಎಂದು ಈಗಾಗಲೇ ಗೊತ್ತಾಗಿರುವುದು.

'4' ಎಂಬ ಒಂದೇ ಅಂಕಿ ಎಷ್ಟು ಅಗಲ ನೋಡಿ! ಯಾರಾದರೂ ನಾಲ್ಕು ಬಂದಿದೆ ಅಂದರೆ, ಗಾಬರಿಗೆ ಮುಂಚೆ ಎ, ಬಿ, ಸಿ ಯಾವುದು ಅಂತ ಕೇಳಿ.

ರಿಪೋರ್ಟಿನ ಭಾಷೆಗೆ ಪುಟ್ಟ ನಿಘಂಟು

'ಅನ್‌ರಿಮಾರ್ಕಬಲ್' ಎಂದರೆ ಹೇಳುವಂಥದ್ದೇನೂ ಇಲ್ಲ ಎಂದರ್ಥ. ರಿಪೋರ್ಟಿನಲ್ಲಿ ಇದಕ್ಕಿಂತ ಸಿಹಿಯಾದ ಪದ ಇಲ್ಲ. 'ನೆಗೆಟಿವ್' ಕೂಡ ಒಳ್ಳೆಯ ಸುದ್ದಿಯೇ. 'ಲೀಜನ್' ಎಂದರೆ ಅಕ್ಕಪಕ್ಕದ ಜಾಗಕ್ಕಿಂತ ಬೇರೆಯಾಗಿ ಕಾಣುವ ಒಂದು ಜಾಗ, ಅಷ್ಟೇ. 'ಸಿಸ್ಟ್' ಎಂದರೆ ಸಾಮಾನ್ಯವಾಗಿ ನೀರು ತುಂಬಿದ ಚೀಲ. 'ನಾಡ್ಯೂಲ್' ಎಂದರೆ ಗಂಟು. ನಮ್ಮ ಮನೆಗಳಲ್ಲಿ ಗಂಟು ಅಂದ ತಕ್ಷಣ ಗೆಡ್ಡೆ ಅಂದುಕೊಳ್ಳುತ್ತಾರೆ. ಎರಡೂ ಒಂದೇ ಅಲ್ಲ.

'ಗ್ರಾನ್ಯುಲೋಮಾ' ಎಂಬ ಪದ ನಮ್ಮವರ ಎದೆಯ ಎಕ್ಸ್-ರೇ, ಸಿ.ಟಿ.ಗಳಲ್ಲಿ ಆಗಾಗ ಬರುತ್ತದೆ. ಕೊನೆಯಲ್ಲಿ 'ಓಮಾ' ಇದೆ ಅಂತ ಹೆದರಬೇಡಿ, ಅದು ಕ್ಯಾನ್ಸರ್ ಅಲ್ಲ. ಸುಣ್ಣ ಕಟ್ಟಿದ ಗ್ರಾನ್ಯುಲೋಮಾ ಸಾಮಾನ್ಯವಾಗಿ ಯಾವಾಗಲೋ ಬಂದು ವಾಸಿಯಾದ ಸೋಂಕಿನ ಕಲೆ. ಟಿ.ಬಿ. ಹೆಚ್ಚಾಗಿರುವ ನಮ್ಮ ದೇಶದಲ್ಲಿ ಹುಟ್ಟಿ ಬೆಳೆದವರಲ್ಲಿ ಇದು ಅಪರೂಪವಲ್ಲ.

ಟಿ.ಬಿ. ಮಾತು ಬಂದದ್ದರಿಂದ ಇನ್ನೊಂದು. ಇಲ್ಲಿ ಆಸ್ಪತ್ರೆಯಂಥ ಕಡೆ ಕೆಲಸಕ್ಕೆ ಸೇರುವಾಗ ಕೈಗೆ ಚುಚ್ಚಿ ಟಿ.ಬಿ. ಪರೀಕ್ಷೆ ಮಾಡುವುದುಂಟು. ಚಿಕ್ಕಂದಿನಲ್ಲಿ ಬಿ.ಸಿ.ಜಿ. ಹಾಕಿಸಿಕೊಂಡವರಿಗೆ ಆ ಚುಚ್ಚಿದ ಜಾಗ ಸುಮ್ಮಸುಮ್ಮನೆ ಊದಿಕೊಳ್ಳಬಹುದು. ಬಿ.ಸಿ.ಜಿ.ಯಿಂದ ಮೋಸ ಹೋಗದ ರಕ್ತ ಪರೀಕ್ಷೆಯೇ ಇದೆ, ಅದನ್ನು ಕೇಳಿ ಮಾಡಿಸಿಕೊಳ್ಳಿ. ಅದರಲ್ಲೂ ಪಾಸಿಟಿವ್ ಬಂದರೆ ತಳ್ಳಿಹಾಕಬೇಡಿ. ಮೈಯಲ್ಲಿ ನಿಜವಾಗಿಯೂ ಟಿ.ಬಿ. ಮಲಗಿರಬಹುದು, ಅದಕ್ಕೆ ಔಷಧಿ ಇದೆ.

ಅಪ್ಪನ ಟ್ರಂಕು

ಅಕ್ಕನ ವಿಷಯಕ್ಕೆ ಆರು ತಿಂಗಳ ಹಿಂದೆ ಮೈಸೂರಿನಲ್ಲಿ ಅಪ್ಪನಿಗೂ ಇಂಥದ್ದೇ ಆಗಿತ್ತು. ಕಿಡ್ನಿಯಲ್ಲಿ ಕಲ್ಲು ಅಂತ ಹೊಟ್ಟೆಯ ಸಿ.ಟಿ. ಮಾಡಿಸಿದರೆ, ಚಿತ್ರದ ಮೇಲಂಚಿನಲ್ಲಿ ಶ್ವಾಸಕೋಶದ ತುದಿ ಕಂಡು, ಅಲ್ಲಿ 7 ಮಿಲಿಮೀಟರಿನ ಒಂದು ಗಂಟು ಸಿಕ್ಕಿತು. ಹುಡುಕಲು ಹೋದದ್ದೊಂದು, ಸಿಕ್ಕಿದ್ದು ಇನ್ನೊಂದು. ಅಮ್ಮ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ.

ಕೊನೆಗೆ ಅಲ್ಲಿನ ಡಾಕ್ಟರು ಕೇಳಿದ್ದು ಒಂದೇ ಮಾತು: "ಯಜಮಾನರೇ, ಹಳೇ ಸ್ಕ್ಯಾನ್ ಏನಾದ್ರೂ ಇದೆಯಾ?" ನಮ್ಮಪ್ಪ ಲೈಟ್ ಬಿಲ್ಲನ್ನೂ ಬಿಸಾಡುವವರಲ್ಲ. ಅಟ್ಟದ ಮೇಲಿನ ಟ್ರಂಕಿನಲ್ಲಿ, ಎಂಟು ವರ್ಷ ಹಿಂದೆ ಕಲ್ಲಿಗೆಂದೇ ಮಾಡಿಸಿದ ಸಿ.ಟಿ. ಫಿಲ್ಮು ಸಿಕ್ಕಿತು. ಅದರಲ್ಲೂ ಅದೇ ಜಾಗದಲ್ಲಿ ಅದೇ ಅಳತೆಯ ಅದೇ ಗಂಟು! ಎಂಟು ವರ್ಷದಿಂದ ಅಲುಗಾಡದೆ ಕೂತಿದ್ದ ಬಾಡಿಗೆದಾರ. "ಇದನ್ನು ಮರೆತುಬಿಡಿ" ಎಂದರು ಡಾಕ್ಟರು.

ಹಳೆಯ ಚಿತ್ರಕ್ಕೆ ಇಷ್ಟು ಬೆಲೆ ಯಾಕೆ? ಗಂಟಿನ ಅಗಲಕ್ಕಿಂತ ಅದು ಬೆಳೆಯುತ್ತಿದೆಯೇ ಎಂಬುದು ಮುಖ್ಯ. ಗೋಳದ ಗಾತ್ರ ಎರಡರಷ್ಟಾಗಲು ವ್ಯಾಸ ನೂರಕ್ಕೆ 26ರಷ್ಟು ಹೆಚ್ಚಾದರೆ ಸಾಕು. ಅಂದರೆ 7 ಮಿಲಿಮೀಟರಿನ ಗಂಟು 8.8 ಆದರೆ ಅದು ದುಪ್ಪಟ್ಟು ಬೆಳೆದಂತೆ. ಅರ್ಧ ಮಿಲಿಮೀಟರಿನ ವ್ಯತ್ಯಾಸವಾದರೆ ಬರೀ ಅಳತೆಯ ಏರುಪೇರು ಇರಬಹುದು. ಹಾಗಾಗಿ ಹಳೆಯದು ಸಿಗದಿದ್ದರೆ ಕೆಲವು ತಿಂಗಳು ಕಾದು ಮತ್ತೆ ಅಳೆಯುತ್ತಾರೆ. ಡಾಕ್ಟರ್ "ಆರು ತಿಂಗಳು ಬಿಟ್ಟು ನೋಡೋಣ" ಅಂದರೆ ಅದು ಉದಾಸೀನವಲ್ಲ. ಕಾಲವನ್ನೇ ಒಂದು ಪರೀಕ್ಷೆಯಾಗಿ ಉಪಯೋಗಿಸುವ ಕ್ರಮ ಅದು.

ಆದ್ದರಿಂದ ಈ ಬಾರಿ ಊರಿಗೆ ಹೋದಾಗ ಚಕ್ಕುಲಿ, ಸಾರಿನ ಪುಡಿಯ ಜೊತೆ ನಿಮ್ಮ ಹಳೆಯ ಸ್ಕ್ಯಾನುಗಳ ಸಿ.ಡಿ., ಫಿಲ್ಮುಗಳನ್ನೂ ತನ್ನಿ. ಬರೀ ರಿಪೋರ್ಟ್ ಹಾಳೆ ಸಾಲದು, ಚಿತ್ರವೇ ಬೇಕು. ತಂದೆತಾಯಿ ಇಲ್ಲಿಗೆ ಬರುವಾಗ ಅವರದ್ದನ್ನೂ ತರಿಸಿ.

ಹಾಗಾದರೆ ತಲೆಯಿಂದ ಕಾಲಿನವರೆಗೆ ಸ್ಕ್ಯಾನ್ ಮಾಡಿಸಿಬಿಟ್ಟರೆ?

ಊರಿಗೆ ಹೋದಾಗ 'ಮಾಸ್ಟರ್ ಹೆಲ್ತ್ ಚೆಕಪ್' ಮಾಡಿಸುವುದು ನಮ್ಮಲ್ಲಿ ಅನೇಕರಿಗೆ ವಾಡಿಕೆ. ರಕ್ತ ಪರೀಕ್ಷೆಗಳ 'ನಾರ್ಮಲ್' ಮಿತಿಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನಡುವಿನ 95 ಜನರನ್ನು ಹಿಡಿದು ನಿಗದಿ ಮಾಡುತ್ತಾರೆ. ಅಂದರೆ ನೂರು ಆರೋಗ್ಯವಂತರಲ್ಲಿ 5 ಜನ ಹೇಗಿದ್ದರೂ ಗೆರೆಯ ಆಚೆಗೇ. ಒಂದಕ್ಕೊಂದು ಸಂಬಂಧವಿಲ್ಲದ ಇಂಥ 20 ಪರೀಕ್ಷೆ ಮಾಡಿಸಿದರೆ, ಪೂರ್ತಿ ಆರೋಗ್ಯವಂತನಿಗೂ ಕನಿಷ್ಠ ಒಂದಾದರೂ ಕೆಂಪು ಅಕ್ಷರದಲ್ಲಿ ಬರುವ ಸಾಧ್ಯತೆ ನೂರಕ್ಕೆ 64. ಕ್ಯಾಲ್ಕುಲೇಟರಿನಲ್ಲಿ 0.95ನ್ನು ಇಪ್ಪತ್ತು ಸಲ ಗುಣಿಸಿ, ಒಂದರಿಂದ ಕಳೆದು ನೀವೇ ನೋಡಿ.

ದಕ್ಷಿಣ ಕೊರಿಯಾದ ಕಥೆ ಇನ್ನೂ ದೊಡ್ಡದು. ಅಲ್ಲಿ 1999ರಲ್ಲಿ ಸರ್ಕಾರ ಕ್ಯಾನ್ಸರ್ ತಪಾಸಣೆಯ ಯೋಜನೆ ಶುರು ಮಾಡಿತು. ಥೈರಾಯ್ಡ್ ಅದರಲ್ಲಿ ಇರಲಿಲ್ಲ. ಆದರೆ ಸ್ವಲ್ಪ ಹಣ ಸೇರಿಸಿದರೆ ಕುತ್ತಿಗೆಗೂ ಅಲ್ಟ್ರಾಸೌಂಡ್ ಮಾಡುತ್ತಿದ್ದರು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ಕ್ಕಿಂತ ಹದಿನೈದು ಪಟ್ಟಾಯಿತು. ಅದರಿಂದ ಸಾಯುವವರ ಪ್ರಮಾಣ ಮಾತ್ರ ಬದಲಾಗಲೇ ಇಲ್ಲ. ಎಂದೂ ತೊಂದರೆ ಕೊಡದಿದ್ದ ಪುಟ್ಟ ಗಂಟುಗಳನ್ನು ಹುಡುಕಿ, ಸಾವಿರಾರು ಜನರ ಗ್ರಂಥಿ ತೆಗೆದು, ಅವರಲ್ಲಿ ಹೆಚ್ಚಿನವರಿಗೆ ಜೀವನಪೂರ್ತಿ ಮಾತ್ರೆಯಾಯಿತು. ಲಕ್ಷಣವಿಲ್ಲದವರಿಗೆ ಥೈರಾಯ್ಡ್ ಕ್ಯಾನ್ಸರ್ ಸ್ಕ್ರೀನಿಂಗ್ ಬೇಡ ಎಂದು ಅಮೆರಿಕದ ಪ್ರಿವೆಂಟಿವ್ ಸರ್ವಿಸಸ್ ಟಾಸ್ಕ್ ಫೋರ್ಸ್ 2017ರಲ್ಲಿ ಹೇಳಿತು.

ಹಾಗಂತ ಸ್ಕ್ರೀನಿಂಗೇ ಬೇಡ ಅನ್ನುವಂತಿಲ್ಲ. ಅಮೆರಿಕದಲ್ಲಿ 53,000ಕ್ಕೂ ಹೆಚ್ಚು ಸಿಗರೇಟು ಸೇದುವ ಮತ್ತು ಸೇದಿ ಬಿಟ್ಟವರ ಮೇಲೆ ನಡೆದ 'ನ್ಯಾಷನಲ್ ಲಂಗ್ ಸ್ಕ್ರೀನಿಂಗ್ ಟ್ರಯಲ್' ಫಲಿತಾಂಶ 2011ರಲ್ಲಿ ಬಂತು. ಸಿ.ಟಿ.ಯಲ್ಲಿ ಪಾಸಿಟಿವ್ ಬಂದವುಗಳಲ್ಲಿ ನೂರಕ್ಕೆ 96 ಸುಳ್ಳು ಗಾಬರಿ. ಆದರೂ ಎಕ್ಸ್-ರೇ ಗುಂಪಿಗೆ ಹೋಲಿಸಿದರೆ ಶ್ವಾಸಕೋಶದ ಕ್ಯಾನ್ಸರಿನ ಸಾವು ನೂರಕ್ಕೆ 20 ಕಡಿಮೆಯಾಯಿತು. ಎರಡೂ ಒಟ್ಟಿಗೆ ನಿಜ. ಯಾರಿಗೆ, ಯಾವ ವಯಸ್ಸಿಗೆ, ಯಾವ ಪರೀಕ್ಷೆ ಎಂಬುದೇ ಮುಖ್ಯ. ಇಲ್ಲಿನ ಅದೇ ಟಾಸ್ಕ್ ಫೋರ್ಸ್ 2021ರಲ್ಲಿ ದೊಡ್ಡ ಕರುಳಿನ ತಪಾಸಣೆ 45ನೇ ವಯಸ್ಸಿಗೇ ಶುರುವಾಗಲಿ ಎಂದಿತು. 2024ರಲ್ಲಿ ಸಾಮಾನ್ಯ ಅಪಾಯದ ಹೆಂಗಸರಿಗೆ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮ್ಯಾಮೋಗ್ರಾಂ ಎಂದಿತು. ಇವನ್ನು ತಪ್ಪಿಸಬೇಡಿ.

ಶುಕ್ರವಾರದಿಂದ ಸೋಮವಾರದವರೆಗೆ

ಲೆಕ್ಕ ಗೊತ್ತಿದ್ದರೂ ರಾತ್ರಿ ಎರಡು ಗಂಟೆಗೆ ಎದೆ ಡವಗುಟ್ಟುವುದು ನಿಲ್ಲುವುದಿಲ್ಲ. ನಮಗೆ ಸಹಾಯವಾದದ್ದು ಇಷ್ಟು:

1. ಪರೀಕ್ಷೆಗೆ ಹೋಗುವಾಗಲೇ "ರಿಸಲ್ಟ್ ಯಾವಾಗ ಬರುತ್ತೆ, ಯಾರು ಫೋನ್ ಮಾಡ್ತಾರೆ?" ಎಂದು ಕೇಳಿಟ್ಟುಕೊಳ್ಳಿ. ವಾರದ ಕೊನೆಯಲ್ಲಿ ಒಬ್ಬರೇ ತೆರೆದು ನೋಡಬೇಡಿ. ಬೇಕಾದರೆ ಫೋನಿನ ಆ ಸೂಚನೆಯನ್ನೇ ಆಫ್ ಮಾಡಿಡಿ.

2. ಇಂಟರ್‌ನೆಟ್ಟಿನಲ್ಲಿ ರಾತ್ರಿಯೆಲ್ಲ ಹುಡುಕಬೇಡಿ. ಅಕ್ಕನಿಗೆ ದಿನಕ್ಕೆ ಅರ್ಧ ಗಂಟೆ ಎಂದು ಮಿತಿ ಹಾಕಿದೆ. ನಾನೇ ಅದನ್ನು ಪಾಲಿಸಲಿಲ್ಲ ಎನ್ನುವುದು ಬೇರೆ ಮಾತು.

3. ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆಯಿರಿ. ನಾವು ಬರೆದದ್ದು: ಮುಂದಿನ ಹೆಜ್ಜೆ ಏನು? ಎಷ್ಟು ಬೇಗ ಆಗಬೇಕು? ಕಾಯುವುದರಿಂದ ನಷ್ಟ ಇದೆಯೇ? ಇನ್ಶೂರೆನ್ಸಿನಲ್ಲಿ ಎಷ್ಟು ಬರುತ್ತದೆ?

4. ಜೊತೆಗೆ ಒಬ್ಬರು ಹೋಗಿ. ಹೆದರಿದ ಕಿವಿಗೆ ಅರ್ಧ ಮಾತು ಕೇಳಿಸುವುದಿಲ್ಲ. ಮನೆಯವರು ಊರಲ್ಲಿಲ್ಲದಿದ್ದರೆ ಕೂಟದ ಸ್ನೇಹಿತರನ್ನು ಕರೆಯಿರಿ, ಸಂಕೋಚ ಬೇಡ. ಅಕ್ಕನ ಜೊತೆ ಹೋದವರು ಅವರ ಊರಿನ ಕನ್ನಡ ಕ್ಲಾಸಿನಲ್ಲಿ ಪರಿಚಯವಾದ ಒಬ್ಬ ತಾಯಿ.

5. "ಹೇಗಿದ್ದರೂ ಹಗ್ಗವೇ" ಎಂದು ಎರಡನೇ ಪರೀಕ್ಷೆ ಬಿಡಬೇಡಿ. ನೂರರಲ್ಲಿ ಐದು ಜನರಿಗೆ ಅದು ಹಾವು, ಅವರಿಗಾಗಿಯೇ ಇಷ್ಟೆಲ್ಲ ಏರ್ಪಾಡು. ಹೆದರಿಕೆಯಿಂದ ಹೋಗದಿರುವುದು, ಧೈರ್ಯದಿಂದ ಹೋಗದಿರುವುದು, ಎರಡರ ಪರಿಣಾಮವೂ ಒಂದೇ.

ಕೊನೆಗೆ ಏನಾಯಿತು?

ಮರುವಾರ ಬುಧವಾರ ಹೆಚ್ಚಿನ ಚಿತ್ರ, ಅಲ್ಟ್ರಾಸೌಂಡ್ ಆಯಿತು. ಬಂದದ್ದು ಬೈ-ರಾಡ್ಸ್ 3. ಪೂರ್ತಿ ಹಗ್ಗ ಅಂತಲೂ ಅಲ್ಲ, ಹಾವಂತೂ ಅಲ್ಲ ಅನ್ನಿಸುತ್ತದೆ, ದೀಪ ಹಿಡಿದು ಇನ್ನೂ ಎರಡು ವರ್ಷ ಆಗಾಗ ನೋಡುತ್ತಿರೋಣ ಎಂದರು. ಆರು ತಿಂಗಳ ಚಿತ್ರದಲ್ಲಿ ಏನೂ ಬದಲಾಗಿಲ್ಲ. ಮುಂದಿನದಕ್ಕೆ ತಾರೀಕು ಗೊತ್ತಾಗಿದೆ. ಆ ವಾರ ಬಂದಾಗ ಅಕ್ಕನಿಗೆ ನಿದ್ದೆ ಬರುವುದಿಲ್ಲ ಎಂದು ನನಗೆ ಗೊತ್ತು. ಆ ಬುಧವಾರ ನಾನು ರಜೆ ಹಾಕಿದ್ದೇನೆ.

ಅಮ್ಮನಿಗೆ ಹೇಳಿದ್ದು ಆರು ತಿಂಗಳ ಚಿತ್ರ ಬಂದ ಮೇಲೆ. ಬೈಯುತ್ತಾರೆ ಅಂದುಕೊಂಡಿದ್ದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪನ ಗಂಟಿನ ವಿಷಯ ನಾನು ನಿಮಗೆ ಮೂರು ದಿನ ಹೇಳಿರಲಿಲ್ಲ, ನೀವು ಆರು ತಿಂಗಳು ಮುಚ್ಚಿಟ್ರಿ. ಇನ್ಮೇಲೆ ಇಬ್ಬರೂ ಹಾಗೆ ಮಾಡೋದು ಬೇಡ" ಅಂದರು.

ನೀವೂ ಇಂಥ ಸಂದರ್ಭ ದಾಟಿ ಬಂದಿದ್ದರೆ ಮುಂದಿನ ಸಂಚಿಕೆಗೆ ಬರೆದು ಕಳಿಸಿ. ನಮ್ಮ ಕೂಟದ ಡಾಕ್ಟರುಗಳು ಈ ಲೇಖನದಲ್ಲಿ ತಪ್ಪು ಕಂಡರೆ ದಯವಿಟ್ಟು ತಿದ್ದಿ. ಎಲ್ಲರ ರಿಪೋರ್ಟೂ 'ಅನ್‌ರಿಮಾರ್ಕಬಲ್' ಆಗಿ ಬರಲಿ ಎಂಬ ಹಾರೈಕೆಯೊಂದಿಗೆ,

ಇಂತಿ ನಿಮ್ಮವ,
ಕೂಟದ ಒಬ್ಬ ಸದಸ್ಯ